ವರ್ಷಗಟ್ಲೆ ಮೂಲೇಲಿ ನಿಂತ ಹಳೇ ಗಾಡೀನ ಹಾಟ್ ರಾಡ್ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಶೆಡ್ಡಲ್ಲಿ ಧೂಳು ಹೊದ್ಕೊಂಡು ನಿಂತಿರೋ ಹಳೇ ಫೋರ್ಡ್ ಫೋಟೋ ಕಳ್ಸಿ "ಇದನ್ನ ಏನ್ ಮಾಡ್ಬೋದು ಹೇಳಿ" ಅಂತ ಕೇಳೋರು ತುಂಬ ಜನ ಇದಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲ ಒಂದೇ ಕಡೆ ಬರೀತಿದೀನಿ. ನಾನು ಕೆಲಸ ಕಲಿತಿದ್ದು 1931ರ ಒಂದು ಫೋರ್ಡ್ ಮಾಡೆಲ್ ಎ ಕೂಪ್ (ಎರಡು ಬಾಗಿಲ ಕಾರು) ಮೇಲೆ. ಯಾವ ಕಾಲದಲ್ಲೋ ಯಾರೋ ಹುಡುಗ ಅದಕ್ಕೆ ಫ್ಲಾಟ್‌ಹೆಡ್ ವಿ8 (ಫೋರ್ಡಿನ ಹಳೇ ಎಂಟು ಸಿಲಿಂಡರ್ ಇಂಜಿನ್) ಕೂರ್ಸೋಕೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದ, ಆಮೇಲೆ ಗಾಡಿ 40 ವರ್ಷದ ಮೇಲೆ ಕತ್ತಲಲ್ಲೇ ಇತ್ತು. ಇಲ್ಲಿರೋ ಉತ್ತರದಲ್ಲಿ ಮುಕ್ಕಾಲು ಭಾಗ ಆ ಗಾಡಿನೇ ಕಲಿಸಿದ್ದು.

ಹಾಟ್ ರಾಡ್ ಅಂದ್ರೆ ಏನು? ಮಾಡಿಫೈ ಮಾಡಿದ ಹಳೇ ಕಾರೆಲ್ಲ ಹಾಟ್ ರಾಡ್ ಆಗತ್ತಾ?

ಎಲ್ಲ ಆಗಲ್ಲ. ಹಳೇ ಹಗುರವಾದ ಬಾಡಿ, ಅದಕ್ಕೆ ಅದರ ವಯಸ್ಸಿಗೆ ಮೀರಿದ ಇಂಜಿನ್, ಓಟಕ್ಕೆ ಬೇಡದ್ದೆಲ್ಲ ಕಿತ್ತು ಹಾಕಿರೋದು, ಇದು ಅದರ ತಿರುಳು. ಇದು ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಮರುಭೂಮಿ ಕಡೆ ಮ್ಯೂರಾಕ್, ಎಲ್ ಮಿರಾಜ್ ಥರದ ಒಣಗಿದ ಕೆರೆಗಳಿವೆ, ನೆಲ ಗಟ್ಟಿಯಾಗಿ ಚಪ್ಪಟೆಯಾಗಿ ಮೈಲಿಗಟ್ಲೆ ಹರಡಿರತ್ತೆ. ದುಡ್ಡಿಲ್ಲದ ಹುಡುಗ್ರು ಹಳೇ ಮಾಡೆಲ್ ಟಿ, ಮಾಡೆಲ್ ಎ ತಗೊಂಡು ಮಡ್‌ಗಾರ್ಡ್ ಬಿಚ್ಚಿ, ಗ್ಲಾಸ್ ಬಿಚ್ಚಿ, ಇಂಜಿನ್ ಚುರುಕು ಮಾಡಿ ಅಲ್ಲಿ ಓಡಿಸ್ತಿದ್ರು. 1937ರಲ್ಲಿ ಈ ಓಟಗಳ ವೇಗ ಅಳೆಯೋಕೆ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಶುರುವಾಯ್ತು. ಎರಡನೇ ಮಹಾಯುದ್ಧ ಮುಗಿಸಿ ವಾಪಸ್ ಬಂದ ಹುಡುಗ್ರಿಗೆ ಕೈಕೆಲಸ ಗೊತ್ತಿತ್ತು, ಸ್ಪೀಡ್ ಹುಚ್ಚೂ ಇತ್ತು, ಹಂಗಾಗಿ ಯುದ್ಧ ಆದ್ಮೇಲೆ ಇದು ಹಬ್ಬಿಬಿಡ್ತು. 1949ರಲ್ಲಿ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಲ್ಲಿ ಮೊದಲ ಸ್ಪೀಡ್ ವೀಕ್ ಅನ್ನೋ ವೇಗದ ಸ್ಪರ್ಧೆ ನಡೀತು, 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ರು.

ಎಲ್ಲಕ್ಕೂ ಬುಡ ಅಂದ್ರೆ 1932. ಆ ವರ್ಷ ಫೋರ್ಡ್ ಸಾಮಾನ್ಯ ಜನ ಕೊಳ್ಳೋ ಬೆಲೆಯ ಕಾರಿಗೆ ವಿ8 ಕೊಡ್ತು, 221 ಘನ ಅಂಗುಲ, 65 ಕುದುರೆ ಶಕ್ತಿ. ಅದಕ್ಕಿಂತ ಮುಂಚಿನ ಮಾಡೆಲ್ ಎ ಇಂಜಿನ್ ನಾಲ್ಕು ಸಿಲಿಂಡರಿಂದು, 40 ಕುದುರೆ ಶಕ್ತಿ. ಈ ವಿ8ನ ಆ ಹಗುರ ಬಾಡಿಗೆ ಹಾಕಿದ್ರೆ ಏನಾಗತ್ತೆ ಅಂತ ಯೋಚಿಸಿ, ಅದೇ ಹಾಟ್ ರಾಡ್.

ಹಳೇ ಗಾಡಿ ಕತ್ತರಿಸೋದು ಪಾಪ ಅಲ್ವಾ? ಒರಿಜಿನಲ್ ಆಗೇ ಇಡ್ಬಾರ್ದಾ?

ಈ ಪ್ರಶ್ನೆ ಕೇಳೋರ ಮೇಲೆ ನಂಗೆ ಗೌರವ ಇದೆ. ನನ್ನ ಲೆಕ್ಕ ಇಷ್ಟೇ. ಗಾಡಿ ಪೂರ್ತಿ ಇದ್ರೆ, ಅಂದ್ರೆ ಅದೇ ಇಂಜಿನ್, ಅದೇ ಗೇರ್‌ಬಾಕ್ಸ್, ಮಡ್‌ಗಾರ್ಡ್, ಬಾನೆಟ್, ಸೀಟು, ಮೀಟರ್ ಎಲ್ಲ ಜಾಗದಲ್ಲಿದ್ರೆ, ಕತ್ತರಿ ಇಡ್ಬೇಡಿ, ಹಂಗೇ ರಿಪೇರಿ ಮಾಡಿ ಓಡ್ಸಿ, ಇಲ್ಲ ಒರಿಜಿನಲ್ ಪ್ರೀತಿಸೋರಿಗೆ ಕೊಟ್ಟು ಬೇರೆದು ಹುಡುಕಿ. ಮಾಡೆಲ್ ಎ 48 ಲಕ್ಷಕ್ಕಿಂತ ಜಾಸ್ತಿ ತಯಾರಾಗಿದ್ವು, ಬರೀ ಬಾಡಿ, ಬರೀ ಚಾಸಿಸ್, ಇಂಜಿನ್ ಇಲ್ಲದ್ದು, ಮಡ್‌ಗಾರ್ಡ್ ಇಲ್ಲದ್ದು ಇವತ್ತಿಗೂ ಸಿಗತ್ತೆ. ಅಂಥದ್ದು ಗುಜರಿಗೆ ಹೋಗೋ ಬದಲು ಹಾಟ್ ರಾಡ್ ಆಗಿ ರೋಡಿಗೆ ಬಂದ್ರೆ ಅದು ಉಳಿಸಿದ ಹಾಗೇ.

ಮೂರನೇ ಥರದ್ದೂ ಒಂದಿದೆ, ಬಹಳ ಜನ ಅದನ್ನ ಗಮನಿಸಲ್ಲ. ನಿಮ್ಮ ಶೆಡ್ಡಲ್ಲಿ ಸಿಕ್ಕಿದ್ದು ಆಗ್ಲೇ ಹಳೇ ಹಾಟ್ ರಾಡ್ ಆಗಿದ್ರೆ? ನಂದು ಹಂಗೇ ಇತ್ತು. ಕಾಲಡಿ ತಗಡು ಎತ್ತಿದಾಗ ಕ್ಲಚ್ ಪೆಡಲ್ಲಿಗೆ ಯಾವುದೋ ಹೊಲದ ಯಂತ್ರದ ಪಟ್ಟಿ ತಂದು ಬಗ್ಗಿಸಿ, ಹಿತ್ತಾಳೆ ಬೆಸುಗೆ ಹಾಕಿ ಕೂರ್ಸಿದ್ರು, ಅಂಚನ್ನೆಲ್ಲ ಕೈ ತರಚದ ಹಾಗೆ ಅರ ಹಾಕಿ ಉಜ್ಜಿದ್ರು, ಯಾರಿಗೂ ಕಾಣದ ಜಾಗದಲ್ಲಿ. ಆ ಅರದ ಗೆರೆ ಮೇಲೆ ಬೆರಳಾಡಿಸಿ ಸುಮಾರು ಹೊತ್ತು ಕೂತಿದ್ದೆ. ಅದನ್ನ ಕಿತ್ತು ಹಾಕಿ ಹೊಸ ಪಾರ್ಟ್ ಹಾಕೋದು ಸುಲಭ ಇತ್ತು, ಆದ್ರೆ ಬಲ ಸಾಲತ್ತಾ ಅಂತ ನೋಡಿ, ಹಿಂದೆ ಒಂದು ಪ್ಲೇಟ್ ಕೊಟ್ಟು, ಅದನ್ನೇ ಉಳಿಸ್ಕೊಂಡೆ. ಹಾಗಾಗಿ ಕೈ ಹಾಕೋಕ್ ಮುಂಚೆ ನೂರಾರು ಫೋಟೋ ತೆಗೀರಿ, ಹಿಂದಿನ ಕೈ ಏನ್ ಮಾಡಿದೆ ಅಂತ ಓದ್ಕೊಳ್ಳಿ.

ತಗೊಳೋಕ್ ಮುಂಚೆ ಏನೇನ್ ನೋಡ್ಬೇಕು?

ಮೊದ್ಲು ಪೇಪರ್, ಆಮೇಲೆ ತುಕ್ಕು. ಎಲ್ಲರೂ ಉಲ್ಟಾ ಮಾಡ್ತಾರೆ. ಹಳೇ ಫೋರ್ಡಲ್ಲಿ ನಂಬರ್ ಚಾಸಿಸ್ ರೇಲಿನ (ಚಾಸಿಸ್ಸಿನ ಉದ್ದನೆ ತೊಲೆ) ಮೇಲೆ ಹೊಡೆದಿರ್ತಾರೆ, ಮಾಡೆಲ್ ಎದಲ್ಲಿ ಅದು ಬಾಡಿ ಕೆಳಗೆ ಮುಚ್ಚಿ ಹೋಗಿರತ್ತೆ, ಬಾಡಿ ಎತ್ತಿದ್ರೇ ಕಾಣೋದು. ಇಂಜಿನ್ ಮೇಲೂ ಅದೇ ನಂಬರ್ ಇರತ್ತೆ. ಅಮೆರಿಕದ ಹಳೇ ಟೈಟಲ್‌ಗಳಲ್ಲಿ (ಗಾಡಿ ಮಾಲೀಕತ್ವದ ಪೇಪರ್) ಎಷ್ಟೋ ಸಲ ಇಂಜಿನ್ ನಂಬರ್ರೇ ಬರೆದಿದ್ರು, ಆಮೇಲೆ ಇಂಜಿನ್ ಬದಲಾಗಿದ್ರೆ ಪೇಪರ್ ಒಂದು ಹೇಳತ್ತೆ, ಚಾಸಿಸ್ ಇನ್ನೊಂದು ಹೇಳತ್ತೆ. ಹೊಂದಿಕೆ ಆಗದೇ ಇದ್ರೆ ದುಡ್ಡು ಕೊಡೋಕ್ ಮುಂಚೆನೇ ರಿಜಿಸ್ಟ್ರೇಷನ್ ಮಾಡೋ ಕಛೇರೀಲಿ ಕೇಳಿ, ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ನಂಬರ್ ಉಜ್ಜೋದು, ಹೊಸದಾಗಿ ಹೊಡೆಯೋದು, ಬೇರೆ ಗಾಡಿಯಿಂದ ಕತ್ತರಿಸಿ ಅಂಟಿಸೋದು ಅಪರಾಧ, ಆ ಯೋಚನೇನೇ ಬೇಡ.

ಆಮೇಲೆ ಬಾಡಿ. ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಮಡ್‌ಗಾರ್ಡ್ ಅಂಚು, ಡಿಕ್ಕಿ ಮೂಲೆ ಎಲ್ಲ ಕಡೆ ಇಡ್ತಾ ಹೋಗಿ, ಎಲ್ಲಿ ಅಂಟಲ್ವೋ ಅಲ್ಲಿ ಪುಟ್ಟಿ ಮೆತ್ತಿದಾರೆ ಅಂತ ಅರ್ಥ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಮಿಂಚೋ ಪೇಂಟ್ ಇರೋ ಗಾಡಿಗಿಂತ ಪೇಂಟೇ ಇಲ್ಲದ ಗಾಡಿ ನಂಬಬಹುದು, ಅದು ಏನನ್ನೂ ಮುಚ್ಚಿಡಲ್ಲ. ಇನ್ನೊಂದು, 1930ರ ದಶಕದ ಮೊದಲ ಭಾಗದ ಷೆವರ್ಲೆ ಥರದ ಗಾಡಿಗಳ ಬಾಡಿ ಒಳಗೆ ಪೂರ್ತಿ ಮರದ ಚೌಕಟ್ಟು ಇರತ್ತೆ, ತಗಡು ಅದರ ಮೇಲೆ ಹೊಡೆದಿರೋದು. ಮರ ಕೊಳೆತಿದ್ರೆ ಬಾಗಿಲು ಕೂರಲ್ಲ, ಟಾಪ್ ಜೋತು ಬಿದ್ದಿರತ್ತೆ. ಹಾಟ್ ರಾಡ್ ಹುಡುಗ್ರು ಫೋರ್ಡ್ ಹಿಂದೆ ಬಿದ್ದಿದ್ದಕ್ಕೆ ಇದೂ ಒಂದು ಕಾರಣ, ಫೋರ್ಡಲ್ಲಿ ಮರ ಕಮ್ಮಿ, ಉಕ್ಕು ಜಾಸ್ತಿ.

ಶೆಡ್ಡಿಂದ ಹೊರಗೆ ಎಳೆಯೋದು ಹೇಗೆ?

ನಿಧಾನಕ್ಕೆ. ಮೊದ್ಲು ಇಲಿ. ಇಷ್ಟು ವರ್ಷ ನಿಂತ ಗಾಡೀಲಿ ಇಲಿ ಸಂಸಾರ ಮಾಡೇ ಇರತ್ತೆ, ಸೀಟಲ್ಲಿ, ಟಾಪ್ ಬಟ್ಟೇಲಿ, ಸೈಲೆನ್ಸರ್ ಪೈಪಲ್ಲಿ. ಒಣಗಿದ ಇಲಿ ಹಿಕ್ಕೆ ಪೊರಕೇಲಿ ಗುಡಿಸಿದ್ರೆ ಧೂಳಾಗಿ ಎದ್ದು ಉಸಿರಿಗೆ ಹೋಗತ್ತೆ, ಅದರಿಂದ ಹ್ಯಾಂಟಾವೈರಸ್ ಬರಬಹುದು, ಅದು ಜೀವಕ್ಕೆ ಅಪಾಯ. ಬಾಗಿಲೆಲ್ಲ ತೆಗೆದು ಗಾಳಿ ಆಡೋಕೆ ಬಿಡಿ, ಗ್ಲೌಸ್ ಮಾಸ್ಕ್ ಹಾಕಿ, ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಸಿಂಪಡಿಸಿ ಐದು ನಿಮಿಷ ನೆನೆಯೋಕೆ ಬಿಟ್ಟು, ಆಮೇಲೆ ಒದ್ದೆ ಬಟ್ಟೇಲಿ ಎತ್ತಿ ಹಾಕಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ.

ಆಮೇಲೆ ಚಕ್ರ. ಬ್ರೇಕ್ ಶೂ ಡ್ರಮ್ಮಿಗೆ ಅಂಟಿರತ್ತೆ. ಹಗ್ಗ ಕಟ್ಟಿ ಜೋರಾಗಿ ಎಳೆದ್ರೆ ಶೂ ಮೇಲಿನ ಲೈನಿಂಗ್ ಕಿತ್ತು ಬರತ್ತೆ, ಇಲ್ಲ ಕೊಳೆತ ಚಾಸಿಸ್ ತುದಿನೇ ಕಿತ್ತು ಬರತ್ತೆ. ಜ್ಯಾಕಿ ಕೊಟ್ಟು ಎತ್ತಿ, ಬ್ರೇಕ್ ಅಡ್ಜಸ್ಟ್‌ಮೆಂಟ್ ಸಡಿಲ ಮಾಡಿ, ಡ್ರಮ್ ಸುತ್ತ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿ. ಆಗ್ಲಿಲ್ಲಾಂದ್ರೆ ಚಕ್ರದ ಕೆಳಗೆ ಟ್ರಾಲಿ ಇಟ್ಟು ತಳ್ಳಿ. ಹಳೇ ಬ್ರೇಕ್ ಲೈನಿಂಗಲ್ಲಿ, ಕ್ಲಚ್ ಪ್ಲೇಟಲ್ಲಿ ಆಸ್ಬೆಸ್ಟಾಸ್ ಇರತ್ತೆ, ಕಂಪ್ರೆಸರ್ ಗಾಳಿ ಹೊಡೆದು ಆ ಧೂಳು ಹಾರಿಸ್ಬೇಡಿ. ಟೈರ್ ನೋಡೋಕೆ ಚೆನ್ನಾಗಿದ್ರೂ ಶೆಡ್ಡಿಂದ ಟ್ರೈಲರ್ ವರೆಗೆ ಮಾತ್ರ ಅದರ ಕೆಲಸ.

ಬ್ಯಾಟರಿ ಹಾಕಿ ಒಂದ್ಸಲ ಸೆಲ್ಫ್ ಹೊಡೆದು ನೋಡ್ಬೋದಾ?

ಬೇಡ. ದಯವಿಟ್ಟು ಬೇಡ. ನಂಗೆ ಬರೋ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಸಲ ಬರೋದು ಇದೇ, ಅತಿ ಹೆಚ್ಚು ಇಂಜಿನ್ ಹಾಳಾಗೋದೂ ಇದರಿಂದನೇ. ನಿಂತಿದ್ದಕ್ಕೆ ಗಾಡಿ ಅಷ್ಟು ಕೆಡಲ್ಲ, ನಿಂತಿದ್ದನ್ನ ಒಂದೇ ಮಧ್ಯಾಹ್ನದಲ್ಲಿ ಎಬ್ಬಿಸೋಕೆ ಹೋದಾಗ ಕೆಡತ್ತೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ.

ಒಳಗೆ ಏನಾಗಿರತ್ತೆ ಅಂತ ಒಂದ್ ಸ್ವಲ್ಪ ನೋಡಿ. ಯಾವ್ದೋ ಒಂದು ಸಿಲಿಂಡರಿನ ವಾಲ್ವ್ ತೆರೆದಿದ್ದಾಗ ಇಂಜಿನ್ ನಿಂತಿರತ್ತೆ, ಆ ಸಿಲಿಂಡರಿಗೆ ಗಾಳಿ ತೇವ ಎರಡೂ ಹೋಗತ್ತೆ, ಪಿಸ್ಟನ್ ರಿಂಗ್ ಇರೋ ಜಾಗದಲ್ಲಿ ಗೋಡೆ ಮೇಲೆ ತುಕ್ಕಿನ ಬಳೆ ಕಟ್ಟಿರತ್ತೆ. ವಾಲ್ವ್ ಕಾಂಡ ಗೈಡಲ್ಲಿ ಹಿಡಿದಿರತ್ತೆ. ಆಯಿಲ್ ಎಲ್ಲ ಕೆಳಗಿಳಿದು ಬೇರಿಂಗ್ ಒಣಗಿರತ್ತೆ, ಸಂಪಲ್ಲಿ (ಇಂಜಿನ್ ತಳದ ಆಯಿಲ್ ತೊಟ್ಟಿ) ಕೆಸರು ಕೂತಿರತ್ತೆ. ಈ ಸ್ಥಿತೀಲಿ ಸೆಲ್ಫ್ ಹೊಡೆದ್ರೆ ರಿಂಗ್ ಮುರಿಯತ್ತೆ, ಕೆಸರು ಎದ್ದು ಆಯಿಲ್ ದಾರಿಗೆ ಹೋಗತ್ತೆ, ಇಲಿ ಗೂಡಿನ ಹತ್ತಿ ಕಾರ್ಬುರೇಟರಿಗೆ ಹೋಗತ್ತೆ. ಟೋ ಮಾಡಿ ಗೇರಿಗೆ ಹಾಕಿ ಕ್ಲಚ್ ಬಿಡೋದು ಇನ್ನೂ ಕೆಟ್ಟದು, ಕನೆಕ್ಟಿಂಗ್ ರಾಡ್ ಬಗ್ಗೋವರೆಗೂ ಹೋಗತ್ತೆ.

ಇಂಜಿನ್ ಜಾಮ್ ಆಗಿದೆ, ಬಿಡಿಸೋದು ಹೇಗೆ?

ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಅರ್ಧ ಅಸಿಟೋನ್ ಬೆರೆಸಿ ಹಾಕೋರು ತುಂಬ ಜನ, ನಾನೂ ಅದನ್ನೇ ಹಾಕ್ದೆ, ಆದ್ರೆ ಅಸಿಟೋನಿಗೆ ಬೆಂಕಿ ಬೇಗ ಹತ್ತತ್ತೆ, ಎರಡೂ ಬೇರೆ ಆಗತ್ತೆ, ಹಾಗಾಗಿ ಹಾಕೋ ಹೊತ್ತಿಗೆ ಅಲ್ಲಾಡಿಸಿ ಹಾಕಿ. ಎರಡು ಮೂರು ದಿನಕ್ಕೊಂದ್ಸಲ ಮತ್ತೆ ತುಂಬಿಸಿ. ಇಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದನೆ ಪಾನ ಹಾಕಿ ಮೆಲ್ಲಗೆ ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಒತ್ತಿ ನೋಡಿ. ಪೈಪ್ ಸೇರಿಸಿ ಪಾನ ಉದ್ದ ಮಾಡಿ ನೇತಾಡೋದು ಬೇಡ.

ಫ್ಲಾಟ್‌ಹೆಡ್ಡಿನ ಒಂದು ಪುಣ್ಯ ಏನಂದ್ರೆ ವಾಲ್ವ್ ಎಲ್ಲ ಬ್ಲಾಕ್ (ಸಿಲಿಂಡರ್ ಇರೋ ಇಂಜಿನ್ ಮೈ) ಒಳಗೇ ಇರತ್ತೆ, ಹೆಡ್ ಅನ್ನೋದು ಬರೀ ಮುಚ್ಚಳ. ಅದನ್ನ ತೆಗೆದ್ರೆ ಪಿಸ್ಟನ್ನೂ ವಾಲ್ವೂ ಕಣ್ಣಿಗೇ ಕಾಣತ್ತೆ. ಆದ್ರೆ ತೆಗೆಯೋದೇ ಕಷ್ಟ. ಯುದ್ಧದ ನಂತರದ ಬ್ಲಾಕುಗಳಲ್ಲಿ ಒಂದೊಂದು ಹೆಡ್ಡಿಗೆ ಅದನ್ನ ಹಿಡಿದಿಡೋ 24 ಸ್ಟಡ್, ಅಲ್ಯೂಮಿನಿಯಂ ಹೆಡ್ ಆಗಿದ್ರೆ ಸ್ಟಡ್ ಸುತ್ತ ಬಿಳಿ ಪುಡಿ ಕಟ್ಕೊಂಡು ಸಿಮೆಂಟ್ ಥರ ಹಿಡಿದಿರತ್ತೆ. ಎಣ್ಣೆ, ಕಾಯಿಸೋದು, ಆರಿಸೋದು, ತಟ್ಟೋದು, ಇಷ್ಟೇ ದಾರಿ. ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಉಳಿ ಹಾಕಿ ಮೀಟಿದ್ರೆ ಗ್ಯಾಸ್ಕೆಟ್ ಕೂರೋ ಮುಖ ಹಾಳಾಯ್ತು ಅಂತಲೇ ಲೆಕ್ಕ.

ನಂದು ಆರು ವಾರ ತಗೊಂಡ್ತು. ದಿನಾ ಸಾಯಂಕಾಲ ಹೋಗೋದು, ಎಣ್ಣೆ ನೋಡೋದು, ಪಾನ ಹಾಕಿ ಒತ್ತೋದು, ಕಲ್ಲು. ಆರನೇ ವಾರ ಒಂದಿನ ಪಾನ ಕೈಯಲ್ಲಿ ಒಂದ್ ಬೆರಳಿನಷ್ಟು ಜರುಗ್ತು, ಟಕ್ ಅಂತ ಸದ್ದೂ ಇಲ್ಲ, ಬರೀ ಜರುಗ್ತು, ಮೂರನೇ ಸಿಲಿಂಡರಲ್ಲಿ ನಿಂತಿದ್ದ ಎಣ್ಣೆ ಮೇಲೆ ಒಂದು ಗುಳ್ಳೆ ಎದ್ದು ಒಡೀತು. ಅವತ್ತು ಅಷ್ಟಕ್ಕೇ ನಿಲ್ಲಿಸಿ ಮತ್ತೆ ಎಣ್ಣೆ ಬಿಟ್ಟು ಮನೆಗೆ ಹೋದೆ, ಆ ಖುಷೀಲಿ ಜೋರಾಗಿ ತಿರುಗಿಸಿದ್ರೆ ಎಲ್ಲ ಹೋಗಿರೋದು.

ಇಂಜಿನ್ ತಿರುಗ್ತು ಅಂದ್ರೆ ಸರಿಯಾಯ್ತು ಅಂತಲ್ಲ, ಬಿಚ್ಚಿ ಪರೀಕ್ಷೆ ಮಾಡೋಕೆ ಈಗ ಆಗತ್ತೆ ಅಂತ ಅಷ್ಟೇ.

ಹಳೇ ಫ್ಲಾಟ್‌ಹೆಡ್ ಇಟ್ಕೊಳ್ಳೋದಾ, ಇಲ್ಲ ಷೆವರ್ಲೆ ಸ್ಮಾಲ್ ಬ್ಲಾಕ್ ಹಾಕೋದಾ?

ಎರಡಕ್ಕೂ ಪರಂಪರೆ ಇದೆ. 1955ರಲ್ಲಿ ಷೆವರ್ಲೆ 265 ಘನ ಅಂಗುಲದ ಸ್ಮಾಲ್ ಬ್ಲಾಕ್ ವಿ8 ತಂದ ಮೇಲೆ ಹಾಟ್ ರಾಡಿಂಗ್ ಲೋಕ ನಿಧಾನಕ್ಕೆ ಆ ಕಡೆ ವಾಲ್ತು. ಹಗುರ, ಸಣ್ಣದು, ಬಲ ಜಾಸ್ತಿ, ಬಿಡಿಭಾಗ ಸುಲಭ. ದಿನಾ ಓಡಿಸ್ಬೇಕು, ದೂರ ಹೋಗ್ಬೇಕು, ರಿಪೇರಿ ತಲೆನೋವು ಬೇಡ ಅಂದ್ರೆ ಅದನ್ನೇ ಹಾಕಿ. ಯಾರಾದ್ರೂ ಫೋರ್ಡಿಗೆ ಷೆವರ್ಲೆ ಇಂಜಿನ್ನಾ ಅಂತ ಮುಖ ಸಿಂಡರಿಸಿದ್ರೆ ತಲೆ ಕೆಡಿಸ್ಕೊಳ್ಬೇಡಿ.

ಆದ್ರೂ ನನ್ನ ಮನಸ್ಸು ಫ್ಲಾಟ್‌ಹೆಡ್ ಕಡೆ. ಆ ಸದ್ದು ಬೇರೆ ಯಾವುದಕ್ಕೂ ಬರಲ್ಲ. ಒಂದೊಂದು ಬದಿಯ ನಾಲ್ಕು ಸಿಲಿಂಡರಿಗೆ ಮೂರೇ ಎಗ್ಸಾಸ್ಟ್ ದಾರಿ, ನಡುವಿನ ಎರಡು ಸಿಲಿಂಡರ್ ಒಂದೇ ಬಾಯಿ ಹಂಚ್ಕೊಂಡಿರತ್ತೆ, ಅದಕ್ಕೇ ಆ ದಪ್ಪ ಗಂಟಲು. ಅದರ ಕಾಯಿಲೆ ಹುಟ್ಟೋದೂ ಅಲ್ಲೇ. ಸುಟ್ಟ ಹೊಗೆ ಬ್ಲಾಕಿನ ಒಳಗೆ, ನೀರಿನ ಜಾಗದ ನಡುವೆ ಹಾದು ಹೊರಗೆ ಬರ್ಬೇಕು, ಹಾಗಾಗಿ ನೀರು ಬೇಗ ಕಾಯತ್ತೆ. ವಾಲ್ವ್ ಸೀಟಿಂದ ಸಿಲಿಂಡರ್ ಕಡೆಗೆ ಕೂದಲೆಳೆ ಬಿರುಕು ಬಿಡೋದು ಇವುಗಳ ಹುಟ್ಟುಗುಣ ಅನ್ನೋ ಅಷ್ಟು ಸಾಮಾನ್ಯ.

ಇಲ್ಲಿ ನಂಗಾದ ನಷ್ಟ ಹೇಳಲೇಬೇಕು. ಒಂದು ಮಷೀನ್ ಶಾಪಿಗೆ ಬ್ಲಾಕ್ ಕೊಟ್ಟು, ಬೋರ್ ಮಾಡೋಕ್ (ಸಿಲಿಂಡರ್ ಒಳಗೋಡೆ ಕೊರೆದು ನುಣುಪು ಮಾಡೋದು) ಮುಂಚೆ ಬಿರುಕು ಪರೀಕ್ಷೆ ಮಾಡಿ ಅಂತ ಬಾಯಲ್ಲಿ ಹೇಳಿದ್ದೆ. ಅವ್ರು ಎಂಟೂ ಸಿಲಿಂಡರ್ ಬೋರ್ ಮಾಡಿ, ಬಿಲ್ ಬರೆದು, ಆಮೇಲೆ ಪರೀಕ್ಷೆ ಮಾಡಿದ್ರು, ಎರಡು ಕಡೆ ಬಿರುಕು, ಒಂದು ಸರಿ ಮಾಡೋ ಹಾಗೇ ಇರ್ಲಿಲ್ಲ. ಆ ಬ್ಲಾಕ್ ಹೋಯ್ತು, ಆರು ವಾರ ಎಣ್ಣೆ ಬಿಟ್ಟು ಬಿಡಿಸಿದ ಬ್ಲಾಕು. ಹಾಗಾಗಿ ಕ್ರಮ ಬರೆದು ಕೊಡಿ: ಮೊದ್ಲು ರಾಸಾಯನಿಕದಲ್ಲಿ ಪೂರ್ತಿ ತೊಳೆಯೋದು, ಆಮೇಲೆ ಅಯಸ್ಕಾಂತದಿಂದ ಬಿರುಕು ಹುಡುಕೋ ಮ್ಯಾಗ್ನಾಫ್ಲಕ್ಸ್ ಪರೀಕ್ಷೆ, ಆಮೇಲೆ ನೀರಿನ ಒತ್ತಡದ ಪರೀಕ್ಷೆ, ಇಷ್ಟೂ ಪಾಸಾದ್ರೆ ಮಾತ್ರ ಬೋರ್. ನೀರಿನ ದಾರೀಲಿ ಫ್ಯಾಕ್ಟರಿ ಎರಕದ ಮಣ್ಣು ಇವತ್ತಿಗೂ ಕೂತಿರತ್ತೆ, ಅದನ್ನ ಕಂಬಿ ಹಾಕಿ ಕೆದಕಿ ತೆಗೆಸಿ, ಅರ್ಧ ಬಿಸಿ ಸಮಸ್ಯೆ ಅಲ್ಲೇ ಹೋಗತ್ತೆ.

ಗೇರ್‌ಬಾಕ್ಸ್ ಬಗ್ಗೆ ಒಂದೇ ಮಾತು. 1948ರ ವರೆಗಿನ ಫೋರ್ಡಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆ ಒಳಗೆ ಇರತ್ತೆ, ಟಾರ್ಕ್ ಟ್ಯೂಬ್ ಅಂತಾರೆ, ಹಿಂದಿನ ಆಕ್ಸಲ್ಲನ್ನ ಹಿಡ್ಕೊಂಡಿರೋದೂ ಅದೇ. ಹೊಸ ಗೇರ್‌ಬಾಕ್ಸ್ ಹಾಕ್ತೀರಾದ್ರೆ ಆಕ್ಸಲ್ಲೂ ಬದಲಾಗತ್ತೆ, ಅದನ್ನ ಹಿಡಿದಿಡೋ ರಾಡುಗಳೂ ಹೊಸದು ಬೇಕು. ಇದನ್ನ ಲೆಕ್ಕಕ್ಕೆ ತಗೊಳ್ದೇ ಗೇರ್‌ಬಾಕ್ಸ್ ಕೊಂಡು ಕೂತೋರು ಬಹಳ.

ಪೆಟ್ರೋಲ್ ಟ್ಯಾಂಕ್ ತೊಳೆದು ಬಳಸ್ಬೋದಾ?

ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ಪೆಟ್ರೋಲ್ ಆವಿಯಾಗಿ ಉಳಿದಿದ್ದು ಅರಗಿನ ಥರ ಅಂಟಿರತ್ತೆ, ಹುಳಿ ವಾಸನೆ ಹೊಡಿಯತ್ತೆ. ಬರೀ ಅರಗಾದ್ರೆ ಕರಗಿಸಬಹುದು, ತೂತಾಗಿದ್ರೆ ಹೊಸ ಟ್ಯಾಂಕೇ ಹಾಕಿ. ಖಾಲಿ ಇದೆ, ವಾಸನೆ ಇಲ್ಲ ಅಂತ ಮನೇಲಿ ವೆಲ್ಡಿಂಗ್ ಮಾಡೋಕೆ ಹೋಗ್ಬೇಡಿ, ಹಳೇ ಟ್ಯಾಂಕ್ ಬಾಂಬಿಗೆ ಸಮ. ಮಾಡೆಲ್ ಎದಲ್ಲಂತೂ ಟ್ಯಾಂಕ್ ಡ್ಯಾಶ್‌ಬೋರ್ಡ್ ಹಿಂದೆ, ಕೂತೋರ ಮೊಣಕಾಲ ಮುಂದೆನೇ ಇರತ್ತೆ. ಅದರಿಂದ ಪೆಟ್ರೋಲ್ ತಾನಾಗೇ ಇಳಿದು ಇಂಜಿನ್ನಿಗೆ ಹೋಗೋ ವ್ಯವಸ್ಥೆ. ವಿ8 ಹಾಕೋವಾಗ ನಾನು ಅದನ್ನ ಜಾಗದಲ್ಲೇ ಖಾಲಿ ಬಿಟ್ಟು, ಹಿಂದೆ ಡಿಕ್ಕಿ ಕೆಳಗೆ ಹೊಸ ಟ್ಯಾಂಕ್ ಕೂರ್ಸಿ ಪಂಪ್ ಕೊಟ್ಟೆ.

ತುಕ್ಕು ತೆಗೆಯೋಕೆ ಯಾವ ದಾರಿ ಒಳ್ಳೇದು?

ಜಾಗ ನೋಡಿ. ದಪ್ಪ ಚಾಸಿಸ್ಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಪರವಾಗಿಲ್ಲ, ಬಾಗಿಲು, ಟಾಪ್, ಡಿಕ್ಕಿ ಥರ ಅಗಲ ತಗಡಿಗೆ ಅದನ್ನ ಮಾಡಿಸಿದ್ರೆ ತಗಡು ಹಿಗ್ಗಿ ಹಪ್ಪಳ ಆಗತ್ತೆ, ಮತ್ತೆ ನೇರ ಆಗಲ್ಲ. ಸಣ್ಣ ಪುಟ್ಟ ಪಾರ್ಟಿಗೆ ಎಲೆಕ್ಟ್ರೋಲಿಸಿಸ್ ನಂಗೆ ಇಷ್ಟ. ಪ್ಲಾಸ್ಟಿಕ್ ಡ್ರಮ್ಮಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತುಕ್ಕು ಹಿಡಿದ ಪಾರ್ಟಿಗೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಒಂದು ರಾತ್ರಿ ಬಿಟ್ರೆ ತುಕ್ಕು ಕಪ್ಪು ಮಸಿ ಆಗಿ ಕೈಯಲ್ಲೇ ಉದುರತ್ತೆ, ಒಳ್ಳೇ ಲೋಹ ಒಂಚೂರೂ ಸವೆಯಲ್ಲ. ಎರಡು ಎಚ್ಚರಿಕೆ ಇದೆ, ಪಾಸಿಟಿವಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯತ್ತೆ, ಹಾಕ್ಬೇಡಿ. ಮತ್ತೆ ಈ ಕೆಲಸದಲ್ಲಿ ಹೈಡ್ರೋಜನ್ ಏಳತ್ತೆ, ಬಯಲಲ್ಲೇ ಮಾಡಿ, ಕಿಡಿ ತಾಗದ ಹಾಗೆ ಚಾರ್ಜರ್ ಆಫ್ ಮಾಡಿ ಆಮೇಲೆ ಕ್ಲಿಪ್ ತೆಗೀರಿ.

ತೂತಾದ ತಗಡಿಗೆ ಮೇಲೊಂದು ತಗಡು ಮೆತ್ತೋದು ರಿಪೇರಿ ಅಲ್ಲ, ನಡುವೆ ನೀರು ನಿಂತು ಮೂರೇ ವರ್ಷಕ್ಕೆ ಮತ್ತೆ ತುಕ್ಕು ಹೊರಗೆ ಬರತ್ತೆ. ಕೊಳೆತಿದ್ದನ್ನ ಹೊಳೆಯೋ ಲೋಹ ಸಿಗೋವರೆಗೂ ಕತ್ತರಿಸಿ, ಅಷ್ಟೇ ಅಳತೆಯ ತುಂಡು ಅಂಚಿಗೆ ಅಂಚು ಕೂಡಿಸಿ, ಒಂದೊಂದೇ ಚುಕ್ಕೆ ವೆಲ್ಡ್ ಹಾಕ್ತಾ, ಆರೋಕೆ ಬಿಡ್ತಾ ಹೋಗಿ. ಹಾಂ, ವೆಲ್ಡಿಂಗ್ ಮುಂಚೆ ಬ್ರೇಕ್ ಕ್ಲೀನರಲ್ಲಿ ಒರೆಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಕ್ಲೋರಿನ್ ಇರೋ ಕ್ಲೀನರಿಗೆ ವೆಲ್ಡಿಂಗ್ ಶಾಖ ತಾಗಿದ್ರೆ ಫಾಸ್ಜೀನ್ ಅನ್ನೋ ವಿಷಾನಿಲ ಆಗತ್ತೆ, ಸ್ವಲ್ಪ ಉಸಿರಿಗೆ ಹೋದ್ರೂ ಶ್ವಾಸಕೋಶ ಹೋಗತ್ತೆ.

ಟಾಪ್ ಚಾಪ್ ಮಾಡ್ಲಾ? ಚಾನಲ್ ಅಂದ್ರೆ ಏನು?

ಚಾಪ್ ಅಂದ್ರೆ ಕಿಟಕಿ ಕಂಬಗಳಿಂದ ಎರಡು ಮೂರು ಇಂಚು ಕತ್ತರಿಸಿ ಟಾಪ್ ಇಳಿಸೋದು. ಚಾನಲ್ ಅಂದ್ರೆ ನೆಲ ಕತ್ತರಿಸಿ ಇಡೀ ಬಾಡಿಯನ್ನ ಚಾಸಿಸ್ ಮೇಲೆ ಕೆಳಕ್ಕೆ ಕೂರ್ಸೋದು, ನೋಟ ಚೆನ್ನಾಗಿರತ್ತೆ, ಕಾಲು ಚಾಚೋಕೆ ಜಾಗ ಹೋಗತ್ತೆ. ಮಾಡೆಲ್ ಎ ಕಂಬ ಹೆಚ್ಚುಕಮ್ಮಿ ನೆಟ್ಟಗಿರೋದ್ರಿಂದ ಕತ್ತರಿಸಿ ಇಳಿಸಿದ್ರೆ ತುದಿಗೆ ತುದಿ ಸರಿಯಾಗಿ ಕೂರತ್ತೆ. 1940ರ ಆಸುಪಾಸಿನ ದುಂಡನೆ ಟಾಪ್ ಇರೋ ಕೂಪ್‌ಗಳಲ್ಲಿ ಕಂಬ ವಾಲಿರತ್ತೆ, ಇಳಿಸಿದ್ರೆ ಟಾಪ್ ಚಿಕ್ಕದಾಗಿಬಿಡತ್ತೆ, ಟಾಪನ್ನೇ ಹೋಳು ಮಾಡಿ ನಡುವೆ ತಗಡು ಸೇರಿಸ್ಬೇಕು, ಅದು ಮೊದಲ ಗಾಡೀಲಿ ಮಾಡೋ ಕೆಲಸ ಅಲ್ಲ.

ಕತ್ತರಿಸೋ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಪೈಪ್ ವೆಲ್ಡ್ ಮಾಡಿ ಬಾಡಿ ಕಟ್ಟಿಹಾಕಿ. ಇಲ್ದಿದ್ರೆ ಟಾಪ್ ಬಿಡಿಸಿದ ಕ್ಷಣ ಬಾಡಿ ಅಗಲ ಆಗತ್ತೆ, ಬಾಗಿಲು ಜನ್ಮದಲ್ಲಿ ಕೂರಲ್ಲ. ಮತ್ತೆ ಮೊದ್ಲು ಸೀಟ್ ಇಟ್ಟು ಕೂತು ನೋಡಿ, ಸಿಗ್ನಲ್ ದೀಪ ಕಾಣತ್ತಾ, ತಲೆ ತಾಗತ್ತಾ ಅಂತ. ನಾನು ನನ್ನ ಗಾಡಿ ಚಾಪ್ ಮಾಡ್ಲೇ ಇಲ್ಲ, ಆ ಹುಡುಗ ಮಾಡಿರ್ಲಿಲ್ಲ, ಅದಕ್ಕೇ.

ಹಳೇ ಚಾಸಿಸ್ ವಿ8 ಬಲ ತಡ್ಕೊಳ್ಳತ್ತಾ?

ಬರೀ ಹಂಗೇ ತಡ್ಕೊಳ್ಳಲ್ಲ. ಮಾಡೆಲ್ ಎ ರೇಲು ಒಂದು ಕಡೆ ತೆರೆದಿರೋ ತೊಟ್ಟಿ ಆಕಾರ, ಎರಡು ತುದಿ ಹಿಡಿದು ಹಿಂಡಿದ್ರೆ ತಿರುಚತ್ತೆ. ತೆರೆದ ಬದಿಗೆ ಪ್ಲೇಟ್ ಕೊಟ್ಟು ಪೆಟ್ಟಿಗೆ ಮಾಡ್ಬೇಕು, ಅದನ್ನೇ ಬಾಕ್ಸ್ ಮಾಡೋದು ಅನ್ನೋದು. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡ್ ಎಳೆದ್ರೆ ಶಾಖಕ್ಕೆ ರೇಲ್ ಬಾಳೆಹಣ್ಣಾಗತ್ತೆ, ಇಂಚು ಇಂಚು, ಈ ಕಡೆ ಒಂದು ಆ ಕಡೆ ಒಂದು. ಮೂಲೆಯಿಂದ ಮೂಲೆಗೆ ಕರ್ಣ ಅಳತೆ ಎರಡೂ ಸಮ ಇದೆಯಾ ಅಂತ ದಿನಕ್ಕೆ ಹತ್ತು ಸಲ ಟೇಪ್ ಹಿಡೀರಿ.

ಬ್ರೇಕ್ ಏನ್ ಮಾಡೋದು?

ಇಂಜಿನ್ನಿಗಿಂತ ಮೊದ್ಲು ಕೇಳ್ಬೇಕಾದ ಪ್ರಶ್ನೆ ಇದು, ಎಲ್ಲರೂ ಕೊನೇಲಿ ಕೇಳ್ತಾರೆ. ಫೋರ್ಡ್ 1938ರ ವರೆಗೂ ಮೆಕ್ಯಾನಿಕಲ್ ಬ್ರೇಕಲ್ಲೇ ಇತ್ತು, ಹೈಡ್ರಾಲಿಕ್ ಬಂದಿದ್ದು 1939ರಲ್ಲಿ. ಹಾಗಾಗಿ ಆ ಕಾಲದ ಹುಡುಗ್ರು ಗುಜರೀಲಿ ಮೊದಲು ಹುಡುಕ್ತಿದ್ದಿದ್ದೇ 1939, 1940ರ ಫೋರ್ಡ್ ಬ್ರೇಕು. ಹೆಚ್ಚು ಬಲ ಹಾಕೋ ಗಾಡಿಗೆ ಮೆಕ್ಯಾನಿಕಲ್ ಬ್ರೇಕ್ ಬಿಟ್ಕೊಳ್ಬೇಡಿ. ಹಳೇ ಹೈಡ್ರಾಲಿಕ್ ಇದ್ರೂ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದಿರತ್ತೆ, ಎಲ್ಲಾದ್ರೂ ಒಂದು ಕಡೆ ಸೋರಿದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಎರಡು ಕೋಣೆಯ ಮಾಸ್ಟರ್ ಹಾಕಿ. ಪೈಪ್, ಹೋಸ್, ವೀಲ್ ಸಿಲಿಂಡರ್ ಎಲ್ಲ ಹೊಸದು.

ಹಾಟ್ ರಾಡಲ್ಲಿ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ನೆಲದ ಕೆಳಗೆ, ಚಕ್ರದ ಬ್ರೇಕಿಗಿಂತ ತಗ್ಗಲ್ಲಿ ಕೂರತ್ತೆ. ಆಗ ಫ್ಲೂಯಿಡ್ ವಾಪಸ್ ಇಳಿದು ಬಂದು ಪೆಡಲ್ ಸುಮ್ನೆ ಕೆಳಗೆ ಹೋಗತ್ತೆ. ಅದಕ್ಕೇ ಪೈಪಲ್ಲಿ ಸ್ವಲ್ಪ ಒತ್ತಡ ಉಳಿಸೋ ರೆಸಿಡ್ಯುಯಲ್ ವಾಲ್ವ್ ಹಾಕೋದು, ಡಿಸ್ಕಿಗೆ 2 ಪಿಎಸ್‌ಐದು (ಒತ್ತಡದ ಅಳತೆ), ಡ್ರಮ್ಮಿಗೆ 10 ಪಿಎಸ್‌ಐದು. ಅದಲು ಬದಲು ಮಾಡಿದ್ರೆ ಡಿಸ್ಕ್ ಸದಾ ಹಿಡ್ಕೊಂಡೇ ಇರತ್ತೆ. ಡಾಟ್ 3, ಡಾಟ್ 4 ಫ್ಲೂಯಿಡ್ ಗಾಳಿಯ ತೇವ ಹೀರತ್ತೆ, ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರತ್ತೆ. ಡಾಟ್ 5 ಸಿಲಿಕೋನ್, ಇವುಗಳ ಜೊತೆ ಬೆರೆಸೋ ಹಾಗಿಲ್ಲ.

6 ವೋಲ್ಟ್ ಇರ್ಲಾ, 12ಕ್ಕೆ ಬದಲಾಯಿಸ್ಲಾ?

ಫೋರ್ಡ್ 1955ರ ವರೆಗೂ 6 ವೋಲ್ಟ್, ಅದೂ ಪಾಸಿಟಿವ್ ಅರ್ಥಿಂಗ್. ಬ್ಯಾಟರಿ ಉಲ್ಟಾ ಹಾಕಿ ಸುಟ್ಕೊಂಡೋರು ಎಷ್ಟೋ. ವೈರಿಂಗ್ ಹೇಗೂ ಹೊಸದೇ ಬೇಕು, ಬಟ್ಟೆ ಸುತ್ತಿದ ಹಳೇ ವೈರ್ ಮುಟ್ಟಿದ್ರೆ ಉದುರತ್ತೆ, ಹಾಗಾಗಿ 12ಕ್ಕೆ ಹೋಗೋದೇ ಸುಲಭ. ಬಲ್ಬ್ ಎಲ್ಲ ಬದಲಾಗ್ಬೇಕು, ಹಳೇ ಮೀಟರ್ ಉಳಿಸ್ತೀರಾದ್ರೆ ಅದಕ್ಕೆ ವೋಲ್ಟೇಜ್ ಇಳಿಸೋ ರೆಡ್ಯೂಸರ್ ಹಾಕಿ. ಪ್ರತಿ ಸರ್ಕ್ಯೂಟಿಗೂ ಫ್ಯೂಸ್, ಬ್ಯಾಟರಿಗೆ ಒಂದು ಕಟ್ ಆಫ್ ಸ್ವಿಚ್, ಕೈಗೆಟುಕೋ ಜಾಗದಲ್ಲಿ ಬೆಂಕಿ ಆರಿಸೋ ಸಿಲಿಂಡರ್.

ಪೇಂಟ್ ಹೊಡಿಸ್ಲಾ, ಹಳೇ ಬಣ್ಣ ಬಿಡ್ಲಾ?

ಹಳೇ ಬಣ್ಣ ಎಲ್ಲಾದ್ರೂ ಉಳಿದಿದ್ರೆ ಬಿಡಿ ಅಂತೀನಿ. ಒಂದ್ಸಲ ಉಜ್ಜಿದ್ರೆ ವಾಪಸ್ ಬರಲ್ಲ. ಉಜ್ಜೋದೇ ಆದ್ರೆ ಹಳೇ ಪೇಂಟಲ್ಲಿ ಸೀಸ ಇರತ್ತೆ, ಮಾಸ್ಕ್ ಹಾಕಿ, ಮಕ್ಕಳು ಓಡಾಡೋ ಜಾಗದಲ್ಲಿ ಬೇಡ.

ಮೊದಲ ಸ್ಟಾರ್ಟ್ ಹೇಗೆ ಮಾಡೋದು?

ಪ್ಲಗ್ ಬಿಚ್ಚಿ ಇಡಿ. ಆಯಿಲ್ ದಾರಿಗೆ ಹೊರಗಿಂದ ಒತ್ತಡ ಕೊಟ್ಟು ಆಯಿಲ್ ತುಂಬಿಸಿ, ಗೇಜ್ ಮುಳ್ಳು ಏಳೋದನ್ನ ಕಣ್ಣಾರೆ ನೋಡಿ, ಆಮೇಲೆ ಪ್ಲಗ್ ಹಾಕಿ. ಇಬ್ಬರಿರಿ, ಒಬ್ಬರ ಕೈಲಿ ಬೆಂಕಿ ಆರಿಸೋದು. ಹೊಸ ಕ್ಯಾಮ್ (ವಾಲ್ವ್ ಎತ್ತೋ ಶಾಫ್ಟ್) ಹಾಕಿದ್ರೆ ಸ್ಟಾರ್ಟ್ ಆದ ತಕ್ಷಣ ಐಡಲಿಗೆ ಬಿಡ್ಬೇಡಿ, 2000 ಆರ್‌ಪಿಎಂ ಆಸುಪಾಸಲ್ಲಿ ಮೇಲೆ ಕೆಳಗೆ ಮಾಡ್ತಾ 20 ನಿಮಿಷ ಓಡ್ಸಿ, ಕ್ಯಾಮೂ ಟ್ಯಾಪೆಟ್ಟೂ ಒಂದಕ್ಕೊಂದು ಹೊಂದ್ಕೊಳ್ಳೋದು ಆ 20 ನಿಮಿಷದಲ್ಲೇ. ಆಯಿಲಲ್ಲಿ ಝಿಂಕ್ ಅಂಶ ಸಾಕಷ್ಟು ಇರೋದು ನೋಡಿ ತಗೊಳ್ಳಿ, ಈಗಿನ ಕಾರಿನ ಆಯಿಲಲ್ಲಿ ಅದು ಕಮ್ಮಿ.

ಆಫ್ ಮಾಡಿದ ಮೇಲೆ ಕೆಳಗೆ ಒಂದು ಬಿಳಿ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಕಲೆ ನೋಡಿದ್ರೆ ಎಲ್ಲಿ ಏನು ಸೋರ್ತಿದೆ ಅಂತ ಗೊತ್ತಾಗತ್ತೆ, ಕೆಂಪು ಆಟೋಮ್ಯಾಟಿಕ್ ಗೇರ್‌ಬಾಕ್ಸಿಂದು, ಕಂದು ಇಂಜಿನ್ನಿಂದು, ಹಸಿರು ರೇಡಿಯೇಟರಿಂದು.

ರೋಡಿಗೆ ಮೊದಲ ಸಲ ಇಳಿಸೋವಾಗ?

ಗೇಟಿನ ಒಳಗೇ ಹತ್ತು ಸಲ ಮುಂದೆ ಹೋಗಿ ಬ್ರೇಕ್ ಹಾಕಿ ಹಿಂದೆ ಬನ್ನಿ. ಆಮೇಲೆ ಒಂದು ಕಿಲೋಮೀಟರ್, ವಾಪಸ್ ಬಂದು ಜ್ಯಾಕಿ ಕೊಟ್ಟು ಚಕ್ರದ ನಟ್ಟು, ಸ್ಟೀರಿಂಗ್ ಜಾಯಿಂಟಿನ ಕಾಟರ್ ಪಿನ್, ಬ್ರೇಕ್ ಪೈಪಿನ ಕೂಡುಗಳು ಎಲ್ಲ ಕೈಯಿಂದ ಮುಟ್ಟಿ ನೋಡಿ. ಆಮೇಲೆ ಐದು, ಮತ್ತೆ ವಾಪಸ್. ಡ್ರಮ್ ಮೇಲೆ ಕೈ ಹತ್ರ ಹಿಡೀರಿ, ಒಂದು ಚಕ್ರ ಮಾತ್ರ ಬಿಸಿ ಇದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ. ನನ್ನ ಕೂಪಿಗೆ ಮೊದಲ ದಿನ ಹಿಂದಿನ ಎಡಗಡೆ ಬಿಸಿ ಇತ್ತು. ಬಿಚ್ಚಿ ನೋಡಿದ್ರೆ ಶೂ ವಾಪಸ್ ಎಳೆಯೋ ಸ್ಪ್ರಿಂಗ್ ತಪ್ಪು ತೂತಿಗೆ ಸಿಕ್ಕಿಸಿದ್ದೆ. ಸರಿ ಮಾಡಿ ಸಾಯಂಕಾಲ ಮತ್ತೆ ಹೊರಟಾಗ ಎರಡನೇ ಗೇರಲ್ಲಿ ಆ ದಪ್ಪ ಗಂಟಲು ಕೇಳಿಸ್ತು, ಕಾಲಡಿ ಆ ಹುಡುಗ ಅರ ಹಾಕಿ ಉಜ್ಜಿದ ಪೆಡಲ್ಲು ನಡುಗ್ತಾ ಇತ್ತು.